ಬೇರೆ ಕಂಪನಿಯಲ್ಲಿ ಅದೇ ಆಫ್‌ವೈಟ್, ಅದೇ ಗ್ರೇ ಬೇಕಾ? ದಾರಿ ಐದಿವೆ, ಯಾವುದು ಯಾರಿಗೆ ಅಂತ ನೋಡೋಣ

ಮನೆಗೆ ಬಣ್ಣ ಹೊಡೆಸಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಮೂರೇ. ಪಿಂಟರೆಸ್ಟ್‌ನಲ್ಲಿ ನೋಡಿದ ಅಮೆರಿಕದ ಗ್ರೇ ಬೇಕು, ನಮ್ಮೂರ ಅಂಗಡಿಯಲ್ಲಿ ಏಷ್ಯನ್ ಪೇಂಟ್ಸ್ ಮತ್ತು ಬರ್ಜರ್ ಮಾತ್ರ ಇದೆ, ಏನು ಮಾಡೋಣ? ಹಾಲ್‌ಗೆ ಒಂದು ಕಂಪನಿಯದ್ದು ಹೊಡೆದಾಗಿದೆ, ರೂಮುಗಳಿಗೆ ಇನ್ನೊಂದು ಕಂಪನಿಯದ್ದು ಕಡಿಮೆಗೆ ಸಿಗುತ್ತಿದೆ, ಅದೇ ಶೇಡ್ ಬರುತ್ತಾ? ಎಸಿ ಕೂರಿಸುವಾಗ ಗೋಡೆ ಕೊರೆದು ಪುಟ್ಟಿ ಮೆತ್ತಿದ್ದಾರೆ, ಹಳೆ ಡಬ್ಬಿ ಎಲ್ಲಿ ಹೋಯಿತೋ ಗೊತ್ತಿಲ್ಲ, ಅಷ್ಟು ಜಾಗಕ್ಕೆ ಹತ್ತಿರದ ಯಾವುದಾದರೂ ಬಣ್ಣ ಹೊಡೆದರೆ ಸಾಕಾ?

ಮೂರಕ್ಕೂ ಉತ್ತರ ಬೇರೆ ಬೇರೆ. ನಾನಂತೂ ಮೊದಲು ಕೇಳುವುದು ಒಂದೇ: ಹಳೆ ಬಣ್ಣ, ಹೊಸ ಬಣ್ಣ ಎರಡೂ ಎಲ್ಲಿ ಸೇರುತ್ತವೆ? ಒಂದೇ ಗೋಡೆಯ ನಡುವೆ ಸೇರಿದರೆ ಕೂದಲೆಳೆಯ ವ್ಯತ್ಯಾಸವೂ ಎದ್ದು ಕಾಣುತ್ತದೆ. ಮೂಲೆಯಲ್ಲಿ ಸೇರಿದರೆ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ, ಯಾಕೆಂದರೆ ಮೂಲೆಯ ಎರಡೂ ಬದಿಗೆ ಬೀಳುವ ಬೆಳಕು ಹೇಗೂ ಬೇರೆ, ಒಂದೇ ಡಬ್ಬಿಯ ಬಣ್ಣವೇ ಅಲ್ಲಿ ಎರಡು ಥರ ಕಾಣುತ್ತದೆ. ಬಾಗಿಲಿನ ಆಚೆ ಒಂದು, ಈಚೆ ಒಂದು ಆದರೆ ಇನ್ನೂ ಸಲೀಸು. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಖರ್ಚು, ಅರ್ಧ ತಲೆನೋವು ಕಡಿಮೆಯಾಗುತ್ತದೆ. ಬೇಡದ ಕಡೆ ಪಕ್ಕಾ ಮ್ಯಾಚ್‌ಗೆ ಒದ್ದಾಡುವವರೇ ಜಾಸ್ತಿ, ಬೇಕಾದ ಕಡೆ ಮಾತ್ರ "ಹತ್ತಿರ ಬಂದರೆ ಸಾಕು" ಅಂದುಬಿಡುತ್ತಾರೆ.

ತಿಳಿ ಬಣ್ಣಗಳದ್ದೇ ಯಾಕೆ ಇಷ್ಟು ರಗಳೆ

ಕಡು ನೀಲಿಯೋ ಇಟ್ಟಿಗೆ ಕೆಂಪೋ ಆದರೆ ಚೂರು ಆಚೀಚೆ ಆದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಆಫ್‌ವೈಟ್, ಐವರಿ, ಬೀಜ್, ತಿಳಿ ಗ್ರೇ ಇವು ಹಾಗಲ್ಲ.

ಈಗ ಅಂಗಡಿಗಳಲ್ಲಿ ತಯಾರಾದ ಬಣ್ಣದ ಡಬ್ಬಿ ಇಡುವುದು ಕಡಿಮೆ. ಫ್ಯಾಕ್ಟರಿಯಿಂದ ಬರುವುದು ಬೇಸ್, ಅಂದರೆ ಬಣ್ಣ ಸೇರಿಸದ ಪೇಂಟ್. ಟಿಂಟಿಂಗ್ ಮಷೀನ್ ಅದಕ್ಕೆ ಕಪ್ಪು, ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ನೀಲಿ, ಹಸಿರು ಹೀಗೆ ಬೇಕಾದ್ದನ್ನು ಅಳತೆ ಮಾಡಿ ಬಿಡುತ್ತದೆ, ಆಮೇಲೆ ಶೇಕರ್‌ನಲ್ಲಿ ಕುಲುಕುತ್ತಾರೆ. ಏಷ್ಯನ್ ಪೇಂಟ್ಸ್ ಮೈಸೂರು ಬಳಿಯ ಫ್ಯಾಕ್ಟರಿಯಲ್ಲಿ ಮಾಡಿದರೂ, ಜೆಎಸ್‌ಡಬ್ಲ್ಯೂ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದರೂ, ಬಿರ್ಲಾ ಓಪಸ್ ಚಾಮರಾಜನಗರದಲ್ಲಿ ಮಾಡಿದರೂ ನಿಮ್ಮ ಶೇಡ್ ಹುಟ್ಟುವುದು ಬೀದಿಯ ಅಂಗಡಿಯ ಮಷೀನ್‌ನಲ್ಲೇ. ತಿಳಿ ಬಣ್ಣಕ್ಕೆ ಬೀಳುವ ಟಿಂಟರ್, ಅಂದರೆ ಮಷೀನ್ ಬಿಡುವ ಆ ಬಣ್ಣದ ದ್ರವ, ತೀರಾ ಕಡಿಮೆ. 1 ಲೀಟರ್ ಡಬ್ಬಿಗೆ ಒಂದು ಹನಿ ಹೆಚ್ಚು ಬಿದ್ದರೂ ಗ್ರೇ ಹೋಗಿ ನೀಲಿ ಗ್ರೇ ಆಗಬಹುದು. ಅದೇ ಹನಿ 20 ಲೀಟರ್ ಬಕೆಟ್‌ಗೆ ಬಿದ್ದರೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ವಿಷಯ. ಪ್ರತಿ ಕಂಪನಿಯ ಬೇಸ್‌ನ ಬಿಳುಪೇ ಬೇರೆ. ಒಂದರ ಬಿಳುಪು ಚೂರು ನೀಲಿಗೆ ಎಳೆಯುತ್ತದೆ, ಇನ್ನೊಂದರದ್ದು ಕೆನೆಗೆ. ಟಿಂಟರ್‌ಗಳ ಸೆಟ್ ಕೂಡ ಬೇರೆ. ಒಬ್ಬರು ಕಪ್ಪು, ಹಳದಿ, ಚೂರು ಕೆಂಪು ಸೇರಿಸಿ ಗ್ರೇ ಮಾಡುತ್ತಾರೆ, ಇನ್ನೊಬ್ಬರು ಕಪ್ಪು, ನೀಲಿ ಮತ್ತು ಕಂದು ಸೇರಿಸಿ ಅದೇ ಗ್ರೇ ಮಾಡುತ್ತಾರೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ. ಮನೆಗೆ ತಂದು ಹಳದಿ ಎಲ್‌ಇಡಿ ಹಾಕಿದರೆ ಒಂದು ನೇರಳೆ ಹೊಡೆಯುತ್ತದೆ, ಇನ್ನೊಂದು ಹಸಿರು ಹೊಡೆಯುತ್ತದೆ. ಇದಕ್ಕೆ ಮೆಟಮೆರಿಸಂ ಅನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ, ಅಂಗಡಿಯಲ್ಲಿ ನೋಡಿ ಒಪ್ಪಬಾರದು ಅನ್ನುವುದನ್ನು ಮರೆಯಬೇಡಿ.

ಯಾವುದನ್ನು ಇಟ್ಟುಕೊಂಡು ತೂಗಬೇಕು

ಎಲ್ಲಿ ಸೇರುತ್ತವೆ ಅನ್ನುವುದು ಆಯಿತು. ಎರಡನೆಯದು ಅಂಡರ್‌ಟೋನ್, ಅಂದರೆ ಗ್ರೇ ಒಳಗೆ ಅಡಗಿರುವ ಹಸಿರೋ ನೇರಳೆಯೋ ನೀಲಿಯೋ, ಆಫ್‌ವೈಟ್ ಒಳಗೆ ಅಡಗಿರುವ ಹಳದಿಯೋ ಗುಲಾಬಿಯೋ. ಚಿಪ್, ಅಂದರೆ ಶೇಡ್ ಕಾರ್ಡಿನ ಬಣ್ಣದ ತುಂಡು, ಒಂದನ್ನೇ ನೋಡಿದರೆ ಇದು ಕಾಣುವುದಿಲ್ಲ. ನಾಲ್ಕು ಗ್ರೇ ಪಕ್ಕಪಕ್ಕ ಇಟ್ಟಾಗ ತಾನಾಗಿ ಗೊತ್ತಾಗುತ್ತದೆ. ಹಲವರು ಎ4 ಹಾಳೆಯ ಮೇಲಿಟ್ಟು ನೋಡುತ್ತಾರೆ. ಆ ಹಾಳೆಗೆ ಹೊಳಪು ಬರಲೆಂದು ರಾಸಾಯನಿಕ ಹಾಕಿರುತ್ತಾರೆ, ಅದು ನೀಲಿ ಬಿಳುಪು, ಅದರ ಮೇಲಿಟ್ಟರೆ ಎಲ್ಲ ಆಫ್‌ವೈಟೂ ಹಳದಿಯಾಗೇ ಕಾಣುತ್ತದೆ. ಹಾಗಾಗಿ ಚಿಪ್‌ಗೆ ಚಿಪ್ಪನ್ನೇ ಹೋಲಿಸಿ. ಅದೇ ಪಟ್ಟಿಯ ಕೊನೆಯ ಕಡು ಶೇಡ್ ನೋಡುವುದೂ ಒಳ್ಳೆಯದು, ಅದು ಹಸಿರಿಗೆ ಎಳೆದಿದ್ದರೆ ಮೇಲಿನ ತಿಳಿಯದರಲ್ಲೂ ಸಾಮಾನ್ಯವಾಗಿ ಹಸಿರು ಇರುತ್ತದೆ.

ಮೂರನೆಯದು ಎಷ್ಟು ತಿಳಿ, ಎಷ್ಟು ಗಾಢ. ಇದನ್ನು ಎಲ್‌ಆರ್‌ವಿ ಅನ್ನುವ ಸಂಖ್ಯೆಯಲ್ಲಿ ಹೇಳುತ್ತಾರೆ. 0 ಅಂದರೆ ಪೂರ್ತಿ ಕಪ್ಪು, 100 ಅಂದರೆ ಬೆಳಕನ್ನೆಲ್ಲ ವಾಪಸ್ ಕೊಡುವ ಬಿಳಿ. ವಿದೇಶಿ ಕಂಪನಿಗಳು ಪ್ರತಿ ಶೇಡ್‌ಗೂ ಇದನ್ನು ಕೊಡುತ್ತವೆ, ನಮ್ಮ ಅಂಗಡಿಗಳಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಸಂಖ್ಯೆ ಸಿಗದಿದ್ದರೆ ಎರಡೂ ಚಿಪ್ ಪಕ್ಕಪಕ್ಕ ಇಟ್ಟು ಒಂದೇ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಎರಡೂ ಒಂದೇ ಬೂದಿಯಾಗಿ ಕಂಡರೆ ಗಾಢತೆ ಸರಿ ಇದೆ. ಬಣ್ಣ ನೋಡಲು ಫೋನ್ ಕ್ಯಾಮೆರಾ ನಂಬಬೇಡಿ, ಈ ಒಂದು ಕೆಲಸಕ್ಕೆ ನಡೆಯುತ್ತದೆ.

ನಾಲ್ಕನೆಯದು ಫಿನಿಶ್, ಅಂದರೆ ಒಣಗಿದ ಮೇಲೆ ಎಷ್ಟು ಹೊಳೆಯುತ್ತದೆ ಅನ್ನುವುದು. ಅದೇ ಶೇಡ್ ಕೋಡ್ ಹೊಳಪಿಲ್ಲದ ಮ್ಯಾಟ್‌ನಲ್ಲಿ ತಿಳಿಯಾಗಿ, ಹೊಳಪು ಇದ್ದಾಗ ಕೊಂಚ ಗಾಢವಾಗಿ ಕಾಣುತ್ತದೆ. ಸಿಲ್ಕ್, ವೆಲ್ವೆಟ್, ಶೈನ್ ಇವೆಲ್ಲ ಕಂಪನಿಗಳು ಇಟ್ಟ ಹೆಸರು, ಅಳತೆ ಅಲ್ಲ. ಬರ್ಜರ್ ಸಿಲ್ಕ್‌ನ ಹೊಳಪು, ಡುಲಕ್ಸ್ ವೆಲ್ವೆಟ್ ಟಚ್‌ನ ಹೊಳಪು, ಏಷ್ಯನ್ ರಾಯಲ್‌ನ ಹೊಳಪು ಒಂದೇ ಇರಬೇಕೆಂದಿಲ್ಲ. ಒಂದೊಂದರಲ್ಲೂ ಮತ್ತೆ ಹಲವು ಬಗೆ. ಬಣ್ಣ ಪಕ್ಕಾ ಮ್ಯಾಚ್ ಆಗಿಯೂ ಗೋಡೆ ಬೇರೆಯಾಗಿ ಕಾಣುವುದಕ್ಕೆ ಎಷ್ಟೋ ಸಲ ಈ ಹೊಳಪೇ ಕಾರಣ. ಬೈಗುಳ ಮಾತ್ರ ಬಣ್ಣಕ್ಕೆ.

ಆಮೇಲೆ ಮನೆಯ ಬೆಳಕು. ರೆಡ್ ಆಕ್ಸೈಡ್ ನೆಲದ ಮನೆಯಲ್ಲಿ ಆಫ್‌ವೈಟ್ ಗೋಡೆಯ ಕೆಳಭಾಗ ಗುಲಾಬಿ ಆಗುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕಿಟಕಿ ತುಂಬ ತೋಟ ಇದ್ದರೆ ಗ್ರೇ ಹಸಿರಾಗುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಉತ್ತರದ ಕಿಟಕಿ ಮಾತ್ರ ಇರುವ ರೂಮಿನಲ್ಲಿ ಅದೇ ಗ್ರೇ ತಣ್ಣಗೆ, ನೀಲಿಯಾಗಿ ಕಾಣುತ್ತದೆ. ಹಾಲ್‌ನಲ್ಲಿ 6500 ಕೆಲ್ವಿನ್ ಬಿಳಿ ಬಲ್ಬ್, ಬೆಡ್‌ರೂಮಿನಲ್ಲಿ 3000 ಕೆಲ್ವಿನ್ ಹಳದಿ ಬಲ್ಬ್ ಹಾಕಿಕೊಂಡು ಎರಡೂ ಕಡೆ ಒಂದೇ ಬಣ್ಣ ಕಾಣಬೇಕು ಅಂದರೆ ಯಾವ ಕಂಪನಿಯಿಂದಲೂ ಆಗದು. ಮೊದಲು ಬಲ್ಬ್ ಒಂದೇ ಥರದ್ದು ಮಾಡಿ, ಅದು ಬಣ್ಣಕ್ಕಿಂತ ಅಗ್ಗ.

ಕೊನೆಯದು, ನಾಳೆ ಮತ್ತೆ ಸಿಗುತ್ತಾ ಅನ್ನುವುದು. ಮಕ್ಕಳಿರುವ ಮನೆಗೆ ಇದು ದುಡ್ಡಿಗಿಂತ ಮುಖ್ಯ.

ಮೊದಲ ದಾರಿ: ಅದೇ ಕಂಪನಿ, ಅದೇ ಕೋಡ್

ಬೇರೆ ಬ್ರಾಂಡ್ ವಿಚಾರವನ್ನೇ ಬಿಟ್ಟು ಮೂಲದ್ದನ್ನೇ ತರುವುದು. ಕೋಡ್ ಗೊತ್ತಿದ್ದು, ಅದೇ ಪ್ರಾಡಕ್ಟ್ ಸಿಗುತ್ತಿದ್ದರೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ಪ್ರಾಡಕ್ಟ್ ಅಂತ ಒತ್ತಿ ಹೇಳಲು ಕಾರಣವಿದೆ: ಏಷ್ಯನ್ ಪೇಂಟ್ಸ್‌ನದ್ದೇ ಒಂದು ಕೋಡನ್ನು ಟ್ರ್ಯಾಕ್ಟರ್ ಎಮಲ್ಷನ್‌ನಲ್ಲಿ ಮಾಡಿಸಿದರೂ ರಾಯಲ್‌ನಲ್ಲಿ ಮಾಡಿಸಿದರೂ ಕಾಗದದ ಮೇಲೆ ಅದೇ ಶೇಡ್, ಗೋಡೆಯ ಮೇಲೆ ಒಂದೇ ಅಲ್ಲ. ಬೇಸ್ ಬೇರೆ, ಹೊಳಪು ಬೇರೆ.

ಇದರ ತೊಂದರೆ ಗೋಡೆಗೆ ವಯಸ್ಸಾಗಿರುವುದು. ನಾಲ್ಕೈದು ವರ್ಷದ ಗೋಡೆ ಅಂದಿನ ಬಣ್ಣದಲ್ಲಿ ಇರುವುದಿಲ್ಲ. ಬಿಸಿಲು ಬೀಳುವ ಕಡೆ ಮಾಸಿರುತ್ತದೆ, ಒಗ್ಗರಣೆ ಹೊಗೆ, ಊದುಬತ್ತಿ ಹೊಗೆ, ದೀಪದ ಹೊಗೆ ಎಲ್ಲ ಸೇರಿ ದೇವರ ಮನೆ ಮತ್ತು ಅಡುಗೆಮನೆ ಹತ್ತಿರದ ಗೋಡೆ ಹಳದಿ ಆಗಿರುತ್ತದೆ. ಅದೇ ಕೋಡ್ ತಂದು ಪ್ಯಾಚ್ ಹೊಡೆದರೆ ಹೊಸದು ಬೆಳ್ಳಗೆ ಎದ್ದು ಕೂರುತ್ತದೆ. ಆಗ ಮೂಲೆಯಿಂದ ಮೂಲೆಗೆ ಪೂರ್ತಿ ಗೋಡೆ ಹೊಡೆಸುವುದೇ ಸರಿ. ಎರಡು ಡಬ್ಬಿ ಬೇಸ್ ಜಾಸ್ತಿ ಆಗಬಹುದು, ಆದರೆ ಪೇಂಟರ್ ಬಂದ ಮೇಲೆ ಅರ್ಧ ಗೋಡೆಗೂ ಇಡೀ ಗೋಡೆಗೂ ಕೂಲಿಯಲ್ಲಿ ಅಷ್ಟೇನೂ ವ್ಯತ್ಯಾಸ ಇರುವುದಿಲ್ಲ.

ಎರಡನೇ ದಾರಿ: ಆ ಕಂಪನಿಯ ಕೋಡನ್ನು ಈ ಕಂಪನಿಯ ಮಷೀನ್‌ಗೆ ಹೊಡೆಯುವುದು

ಹಲವು ಡೀಲರ್‌ಗಳ ಸಾಫ್ಟ್‌ವೇರ್‌ನಲ್ಲಿ ಬೇರೆ ಕಂಪನಿಗಳ ಶೇಡ್‌ಗಳ ಫಾರ್ಮುಲಾ ಇರುತ್ತದೆ. ಬರ್ಜರ್ ಅಂಗಡಿಯಲ್ಲಿ ಏಷ್ಯನ್ ಕೋಡ್ ಹೇಳಿದರೂ, ನೆರೋಲ್ಯಾಕ್ ಅಂಗಡಿಯಲ್ಲಿ ಡುಲಕ್ಸ್ ಕೋಡ್ ಹೇಳಿದರೂ "ಆಗುತ್ತೆ ಸಾರ್" ಅನ್ನುತ್ತಾರೆ. ಬಹಳ ಸಲ ಆಗುತ್ತದೆ ಕೂಡ. ಇದಕ್ಕೆ ಬೇರೆ ಖರ್ಚಿಲ್ಲ, ಕೆಲವೇ ನಿಮಿಷದ ಕೆಲಸ, ಫಾರ್ಮುಲಾ ಕಂಪ್ಯೂಟರ್‌ನಲ್ಲೇ ಇರುವುದರಿಂದ ಮುಂದಿನ ಸಲವೂ ಅದನ್ನೇ ತೆಗೆಯಬಹುದು.

ಆದರೆ ಈ ಫಾರ್ಮುಲಾ ಯಾವ ಕಾಲದ ಶೇಡ್ ಕಾರ್ಡ್ ನೋಡಿ ಮಾಡಿದ್ದು, ಯಾವ ಬೇಸ್‌ಗೆ ಮಾಡಿದ್ದು ಅಂತ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಬೀಜ್, ಕೆನೆ, ಮಧ್ಯಮ ಗ್ರೇ ಇವಕ್ಕೆ ಈ ದಾರಿ ಸಾಕು. ತೀರಾ ತಿಳಿ ಆಫ್‌ವೈಟ್‌ಗಳಲ್ಲಿ ಬೇಸ್‌ನ ಬಿಳುಪೇ ಮುಕ್ಕಾಲು ಪಾಲು ಬಣ್ಣ, ಅದನ್ನು ಟಿಂಟರ್ ಬದಲಾಯಿಸಲಾರದು, ಅಲ್ಲಿ ಎಡವುವುದು ಜಾಸ್ತಿ. ಹಾಲ್ ಒಂದು ಕಂಪನಿ, ರೂಮು ಇನ್ನೊಂದು ಕಂಪನಿ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಬಾಗಿಲ ಚೌಕಟ್ಟು ನಡುವೆ ಇದ್ದೇ ಇರುತ್ತದೆ, ಆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ.

ಮೂರನೇ ದಾರಿ: ಸ್ಕ್ಯಾನ್ ಮಾಡಿಸುವುದು

ಸ್ಪೆಕ್ಟ್ರೋಫೋಟೋಮೀಟರ್ ಅನ್ನುವ ಯಂತ್ರ ಬಣ್ಣದ ತುಂಡಿನ ಮೇಲೆ ಬೆಳಕು ಬಿಟ್ಟು, ವಾಪಸ್ ಬಂದ ಬೆಳಕನ್ನು ಅಳೆದು, ಆ ಕಂಪನಿಯ ಟಿಂಟರ್‌ಗಳಲ್ಲಿ ಅದನ್ನು ಹೇಗೆ ಮಾಡಬಹುದು ಅಂತ ಫಾರ್ಮುಲಾ ಕೊಡುತ್ತದೆ. ದೊಡ್ಡ ಡೀಲರ್‌ಗಳ ಬಳಿ, ಕಂಪನಿಯವರೇ ನಡೆಸುವ ಶೋರೂಮ್‌ಗಳಲ್ಲಿ ಕೇಳಿ ನೋಡಿ. ತಾಲೂಕು ಕೇಂದ್ರಗಳಲ್ಲಿ ಸಿಗುವುದು ಕಷ್ಟ, ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಕಡೆ ಹುಡುಕಿದರೆ ಸಿಗುತ್ತದೆ. ಇಂಟೀರಿಯರ್ ಡಿಸೈನರ್‌ಗಳ ಕೈಯಲ್ಲಿರುವ ನಿಕ್ಸ್, ಡೇಟಾಕಲರ್ ಥರದ ಪುಟ್ಟ ಸಾಧನಗಳು ಹತ್ತಿರದ ಕೋಡ್ ಹುಡುಕಲು ಸಾಕು, ಫಾರ್ಮುಲಾ ಬರೆಯಲು ಅಂಗಡಿಯ ಯಂತ್ರವೇ ವಾಸಿ.

ಹಳೆ ಡಬ್ಬಿ ಕಳೆದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕೋಡ್ ಅಂದಿನ ಬಣ್ಣ ಕೊಡುತ್ತದೆ, ಸ್ಕ್ಯಾನ್ ಇಂದಿನ ಗೋಡೆಯ ಬಣ್ಣ ಕೊಡುತ್ತದೆ. ಮಾಸಿದ ಗೋಡೆಗೆ ಪ್ಯಾಚ್ ಹೊಡೆಯಲು ಬೇಕಾಗಿರುವುದು ಎರಡನೆಯದು. ಸ್ವಿಚ್‌ಬೋರ್ಡ್ ಹಿಂದೆ ಅಥವಾ ಗೋಡೆ ಕೊರೆದ ಅಂಚಿನಿಂದ ದೊಡ್ಡ ನಾಣ್ಯಕ್ಕಿಂತ ಸ್ವಲ್ಪ ಅಗಲದ ಚಕ್ಕೆ ಬ್ಲೇಡಿನಿಂದ ಎಬ್ಬಿಸಿ ತೆಗೆಯಿರಿ. ಸಮತಟ್ಟಾಗಿ ಇರಬೇಕು, ಮೇಲಿನ ಧೂಳು ಒದ್ದೆ ಬಟ್ಟೆಯಲ್ಲಿ ಒರೆಸಿರಬೇಕು. ಆದರೆ ಸ್ವಿಚ್‌ಬೋರ್ಡ್ ಹಿಂದಿನ ಚಕ್ಕೆಗೆ ಬಿಸಿಲು, ಹೊಗೆ ತಾಗಿರುವುದಿಲ್ಲ, ಅದು ಹಳೆಯ ಬಣ್ಣವನ್ನೇ ತೋರಿಸೀತು. ಹಾಗಾಗಿ ಕೊರೆದ ಅಂಚಿನದ್ದೇ ಉತ್ತಮ. ಟೆಕ್ಸ್‌ಚರ್ ಇರುವ ಗೋಡೆಯನ್ನು ಯಂತ್ರ ತಪ್ಪಾಗಿ ಓದುತ್ತದೆ, ಒಳಗಿನ ನೆರಳೂ ಸೇರಿ ನಿಜಕ್ಕಿಂತ ಗಾಢ ಅನ್ನುತ್ತದೆ.

ಅಂಗಡಿಯವರನ್ನು ಡೆಲ್ಟಾ ಇ ಎಷ್ಟು ಬಂತು ಅಂತ ಕೇಳಿ. ನಿಮ್ಮ ತುಂಡಿಗೂ ಯಂತ್ರ ಸೂಚಿಸಿದ ಬಣ್ಣಕ್ಕೂ ಇರುವ ಅಂತರ ಅದು. 1ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಕಣ್ಣಿಗೆ ಗೊತ್ತಾಗುವುದಿಲ್ಲ. 2ರ ಆಸುಪಾಸು ಇದ್ದರೆ ಪಕ್ಕಪಕ್ಕ ಇಟ್ಟಾಗ ಹುಡುಕಿದರೆ ಕಾಣುತ್ತದೆ. 3 ದಾಟಿದರೆ ಒಂದೇ ಗೋಡೆಯಲ್ಲಿ ಬೇಡವೇ ಬೇಡ, ಮೂಲೆಯಾಚೆಗೆ ಆದರೆ ನಡೆದೀತು. ಆ ಸಂಖ್ಯೆ ಯಂತ್ರದ ಲೆಕ್ಕ ಅಷ್ಟೇ, ಟಿಂಟಿಂಗ್ ಮಷೀನ್‌ನ ನಾಜಲ್ ಒಣಗಿ ಕಟ್ಟಿಕೊಂಡಿದ್ದರೆ ಲೆಕ್ಕ ಸರಿ ಇದ್ದೂ ಡಬ್ಬಿ ತಪ್ಪು ಬರುತ್ತದೆ. ಓಡಾಟ ಇರುವ, ದಿನಕ್ಕೆ ಹತ್ತಾರು ಡಬ್ಬಿ ಟಿಂಟ್ ಮಾಡುವ ಅಂಗಡಿಗೆ ಹೋಗಿ ಅನ್ನುವುದು ಇದಕ್ಕೇ.

ನಾಲ್ಕನೇ ದಾರಿ: ಈ ಕಂಪನಿಯ ಫ್ಯಾನ್ ಡೆಕ್‌ನಲ್ಲೇ ಕಣ್ಣಳತೆಯಲ್ಲಿ ಆರಿಸುವುದು

ಫ್ಯಾನ್ ಡೆಕ್ ಅಂದರೆ ಕಂಪನಿಯ ಶೇಡ್ ಪಟ್ಟಿಗಳನ್ನು ಬೀಸಣಿಗೆಯಂತೆ ಬಿಚ್ಚಿ ನೋಡುವ ಕಟ್ಟು. ಕೇಳಲು ಒರಟು ದಾರಿ ಅನ್ನಿಸುತ್ತದೆ. ಹೊಸದಾಗಿ ಇಡೀ ಮನೆ ಹೊಡೆಸುವವರಿಗೆ ಮಾತ್ರ ಇದೇ ಎಲ್ಲಕ್ಕಿಂತ ಸರಿ ಅನ್ನುವುದು ನನ್ನ ಅಭಿಪ್ರಾಯ. ಒಂದೊಂದು ಫ್ಯಾನ್ ಡೆಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಶೇಡ್ ಇರುತ್ತವೆ, ನಿಮಗೆ ಬೇಕಾದ ಗ್ರೇಗೆ ತೀರಾ ಹತ್ತಿರದ್ದು ಇರದೇ ಇರುವುದು ಅಪರೂಪ. ಅದು ಆ ಕಂಪನಿ ತನ್ನ ಬೇಸ್‌ಗೆ ತಾನೇ ಪರೀಕ್ಷಿಸಿದ ಫಾರ್ಮುಲಾ, ರಾಜ್ಯದ ಯಾವ ಊರಿನಲ್ಲಿ ಕೇಳಿದರೂ ಅದೇ ಸಿಗುತ್ತದೆ. ಮುಂದೆ ಮಗುವಿನ ಕ್ರೇಯಾನ್ ಗೀಟು ಮುಚ್ಚಬೇಕಾದಾಗ ಕೋಡ್ ಹೇಳಿ 1 ಲೀಟರ್ ತಂದರಾಯಿತು. ಸ್ಕ್ಯಾನ್ ಮಾಡಿಸಿದ ಫಾರ್ಮುಲಾ ಹಾಗಲ್ಲ, ಅದು ಆ ಅಂಗಡಿಯ ಕಂಪ್ಯೂಟರ್‌ನಲ್ಲಿ ಮಾತ್ರ ಇರುತ್ತದೆ, ಅಂಗಡಿ ಮುಚ್ಚಿದರೆ ಅದೂ ಹೋಯಿತು.

ಪಿಂಟರೆಸ್ಟ್‌ನವರಿಗೆ ಇಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು. ಜನ ತೋರಿಸುವ ಫೋಟೋಗಳಲ್ಲಿ ಮತ್ತೆ ಮತ್ತೆ ಬರುವುದು ಅವೇ ನಾಲ್ಕೈದು ಬಣ್ಣ. ಶೆರ್ವಿನ್ ವಿಲಿಯಮ್ಸ್‌ನ ಅಗ್ರೀಯಬಲ್ ಗ್ರೇ, ಕೋಡ್ 7029, ಎಲ್‌ಆರ್‌ವಿ 60. ಗ್ರೇಗೂ ಬೀಜ್‌ಗೂ ನಡುವಿನದು, ಬೆಚ್ಚಗಿರುತ್ತದೆ. ಅದೇ ಕಂಪನಿಯ ರಿಪೋಸ್ ಗ್ರೇ, 7015, ಎಲ್‌ಆರ್‌ವಿ 58, ಇದು ಚೂರು ತಣ್ಣಗೆ, ಕೆಲವು ಬೆಳಕಿನಲ್ಲಿ ನೇರಳೆ ಇಣುಕುತ್ತದೆ. ಬೆಂಜಮಿನ್ ಮೂರ್‌ನ ರೆವೆರ್ ಪ್ಯೂಟರ್, ಎಚ್‌ಸಿ-172, ಎಲ್‌ಆರ್‌ವಿ ಸುಮಾರು 55, ಇದರೊಳಗೆ ಹಸಿರಿದೆ. ಬ್ರಿಟನ್ನಿನ ಫ್ಯಾರೋ ಅಂಡ್ ಬಾಲ್‌ನವರ ಎಲಿಫೆಂಟ್ಸ್ ಬ್ರೆತ್ ಕೂಡ ಈ ಸಾಲಿನದೇ. ಇವೆಲ್ಲ ಆ ಫೋಟೋಗಳಲ್ಲಿ ಚೆಂದ ಕಾಣಲು ಅರ್ಧ ಕಾರಣ ಅಲ್ಲಿನ ಮರದ ನೆಲ, ಬಿಳಿ ಚೌಕಟ್ಟು, ದೊಡ್ಡ ಕಿಟಕಿ, ಫೋಟೋಗ್ರಾಫರ್‌ನ ಎಡಿಟಿಂಗ್. ಐವರಿ ವಿಟ್ರಿಫೈಡ್ ಟೈಲ್ಸ್ ಮತ್ತು ತೇಗದ ಬಣ್ಣದ ಬಾಗಿಲ ಪಕ್ಕ ನಿಖರವಾಗಿ ಅದೇ ಗ್ರೇ ತಂದಿಟ್ಟರೂ ಆ ಫೋಟೋ ಬರುವುದಿಲ್ಲ. ಹಾಗಾಗಿ ನಕಲು ತೆಗೆಯುವ ಬದಲು ಎರಡು ಗುಣ ಮಾತ್ರ ಹಿಡಿದುಕೊಳ್ಳಿ: ಎಷ್ಟು ತಿಳಿ, ಯಾವ ಅಂಡರ್‌ಟೋನ್. ಅದಕ್ಕೆ ಹೊಂದುವ ಮೂರು ಶೇಡ್ ಸ್ಥಳೀಯ ಫ್ಯಾನ್ ಡೆಕ್‌ನಿಂದ ಆರಿಸಿ, ನಿಮ್ಮ ಟೈಲ್ಸ್ ಮೇಲಿಟ್ಟು ನೋಡಿ.

ನಿಖರವಾಗಿ ಅದೇ ಬೇಕು ಅನ್ನುವ ಹಟ ಇದ್ದರೆ ಅಮೆರಿಕದಲ್ಲಿರುವ ಅಕ್ಕನಿಗೋ ಅಣ್ಣನಿಗೋ ಹೇಳಿ, ಬರುವಾಗ ಪೇಪರ್ ಚಿಪ್ ತರಲಿ, ಅಂಗಡಿಯಲ್ಲಿ ಪುಕ್ಕಟೆ ಕೊಡುತ್ತಾರೆ. ಆ ಚಿಪ್ಪನ್ನು ಇಲ್ಲಿ ಸ್ಕ್ಯಾನ್ ಮಾಡಿಸಬಹುದು. ವೆಬ್‌ಸೈಟಿನ ಹೆಕ್ಸ್ ಕೋಡ್ (ಸ್ಕ್ರೀನಿನ ಬಣ್ಣಕ್ಕೆ ಕೊಡುವ ಅಕ್ಷರ, ಅಂಕಿಯ ಗುರುತು) ಹಿಡಿದುಕೊಂಡು ಹತ್ತಿರದ ಏಷ್ಯನ್ ಕೋಡ್ ಹುಡುಕಿಕೊಡುವ ಪಟ್ಟಿಗಳು ಸಿಗುತ್ತವೆ. ಯಾವ ಪುಟದಲ್ಲಿ ಹುಡುಕಬೇಕು ಅಂತ ತಿಳಿಯಲು ಅವು ಸಾಕು, ಡಬ್ಬಿ ಆರ್ಡರ್ ಮಾಡಲು ಸಾಲದು. ಫೋನ್ ಸ್ಕ್ರೀನಿನ ಬ್ರೈಟ್‌ನೆಸ್ ಬದಲಾದರೆ ಬಣ್ಣವೇ ಬದಲಾಗುತ್ತದೆ, ಅಲ್ವಾ?

ಐದನೇ ದಾರಿ: ಪೇಂಟರ್ ಸ್ಟೈನರ್ ಹಾಕಿ ಕಲಸುವುದು

"ಬಿಳಿ ತಗೊಂಡು ಬನ್ನಿ ಸಾರ್, ಸ್ಟೈನರ್ ಹಾಕಿ ನಾನೇ ಮಾಡಿಕೊಡ್ತೀನಿ." ಹಳೆಯ ಮೇಸ್ತ್ರಿಗಳ ಕೈಯಲ್ಲಿ ಇದು ನಿಜಕ್ಕೂ ಒಂದು ವಿದ್ಯೆ. ಸ್ಟೈನರ್ ಅಂದರೆ ಕೈಯಲ್ಲಿ ಬೆರೆಸುವ ಗಾಢ ಬಣ್ಣ, ಅದರ ಕಪ್ಪು, ಹಳದಿ, ಕೆಂಪಿನ ಪುಟ್ಟ ಬಾಟಲಿಗಳಿಂದ ಹನಿ ಹನಿ ಬಿಟ್ಟು, ಬೆರಳಿನಿಂದ ಗೋಡೆಗೆ ಒರೆಸಿ, ಒಣಗಿಸಿ ನೋಡಿ ಮ್ಯಾಚ್ ಮಾಡುವವರಿದ್ದಾರೆ. ಸ್ಟೋರ್‌ರೂಮ್, ಕಾಂಪೌಂಡ್ ಒಳಗಿನ ಕೊಟ್ಟಿಗೆ, ಮೊಳೆ ಕಿತ್ತ ತೂತಿನ ಪ್ಯಾಚ್ ಇಂಥವಕ್ಕೆ ಇದು ಸಾಕು, ಅಗ್ಗ ಕೂಡ. ಇಡೀ ಹಾಲ್‌ಗೆ ಒಪ್ಪಬೇಡಿ. ಮಧ್ಯದಲ್ಲಿ ಬಣ್ಣ ಮುಗಿದರೆ ಅದನ್ನು ಅವರೂ ಮತ್ತೆ ಮಾಡಲಾರರು. ಹಸಿ ಬಣ್ಣ ನೋಡಿ "ಸೇಮ್ ಬಂತು" ಅಂದರೆ ನಂಬಬೇಡಿ, ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ಒಂದು ಪಾಲು ಗಾಢವಾಗುತ್ತದೆ.

ಅಂದಹಾಗೆ, ಪೇಂಟರ್ ಒಂದೇ ಕಂಪನಿ ಹೆಸರು ಹೇಳುತ್ತಿದ್ದರೆ ಅದಕ್ಕೆ ಡಬ್ಬಿಯೊಳಗಿನ ಟೋಕನ್ ಅಥವಾ ಪಾಯಿಂಟ್ ಸ್ಕೀಮ್ ಕಾರಣ ಇರಬಹುದು. ತಪ್ಪೇನಿಲ್ಲ, ಅದು ಅವರ ಸಂಪಾದನೆ. ಬಣ್ಣದ ತೀರ್ಮಾನ ಮಾತ್ರ ಅದರಿಂದ ಆಗಬಾರದು.

ದುಡ್ಡಿನ ಲೆಕ್ಕ

ಎಲ್ಲ ಕಂಪನಿಗಳಲ್ಲೂ ಎಕಾನಮಿ, ಪ್ರೀಮಿಯಂ, ಲಕ್ಷುರಿ ಅಂತ ಮೂರು ಮೆಟ್ಟಿಲಿವೆ. ಬ್ರಾಂಡ್ ಬದಲಿಸಿ ಉಳಿಯುವ ದುಡ್ಡಿಗಿಂತ ಮೆಟ್ಟಿಲು ಇಳಿದಾಗ ಉಳಿಯುವುದೇ ಜಾಸ್ತಿ. ಬ್ರಾಂಡ್ ಬದಲಿಸುವ ನೆಪದಲ್ಲಿ ಗೊತ್ತಿಲ್ಲದೆ ಮೆಟ್ಟಿಲೂ ಇಳಿದುಬಿಟ್ಟರೆ ಹೊಳಪು ಬೇರೆಯಾಗುತ್ತದೆ, ಒರೆಸಿದರೆ ಬಣ್ಣ ಬಿಡುವುದು ಶುರುವಾಗುತ್ತದೆ. ಲಕ್ಷುರಿಗೆ ಲಕ್ಷುರಿ, ಪ್ರೀಮಿಯಂಗೆ ಪ್ರೀಮಿಯಂ ಇಟ್ಟೇ ಹೋಲಿಸಿ. ಗಾಢ ಶೇಡ್‌ಗೆ ಬೇರೆ ಬೇಸ್, ಬೇರೆ ಬೆಲೆ ಇರುವುದು ವಾಡಿಕೆ. ಜೆಎಸ್‌ಡಬ್ಲ್ಯೂ ಮಾತ್ರ ಯಾವ ಬಣ್ಣಕ್ಕೂ ಒಂದೇ ಬೆಲೆ ಅನ್ನುತ್ತಲೇ 2019ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ತಿಳಿ ಬಣ್ಣಗಳಿಗೆ ಇದರಿಂದ ದೊಡ್ಡ ಲಾಭವಿಲ್ಲ, ಅವು ಎಲ್ಲ ಕಡೆಯೂ ಕಡಿಮೆ ಬೆಲೆಯ ಬೇಸ್‌ನಲ್ಲೇ ಆಗುತ್ತವೆ.

ಉಳಿಸಲೇಬೇಕು ಅಂದರೆ ಸೀಲಿಂಗ್‌ನಲ್ಲಿ ಉಳಿಸಿ. ಸೀಲಿಂಗ್ ಬಿಳಿ ಗೋಡೆಗೆ ಮ್ಯಾಚ್ ಆಗಬೇಕಿಲ್ಲ, ಯಾರೂ ಕೈಯಿಟ್ಟು ಮುಟ್ಟುವುದೂ ಇಲ್ಲ, ಅಗ್ಗದ ಮ್ಯಾಟ್ ಸಾಕು. ಬಾಗಿಲು, ಕಿಟಕಿ ಚೌಕಟ್ಟಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಆಯಿಲ್ ಎನಾಮೆಲ್ ಬಿಳಿ ಕೆಲವೇ ವರ್ಷದಲ್ಲಿ ಹಳದಿಗೆ ತಿರುಗುತ್ತದೆ, ಬೆಳಕು ಕಡಿಮೆ ಇರುವ ಕಡೆ ಇನ್ನೂ ಬೇಗ. ಗೋಡೆಯ ಆಫ್‌ವೈಟ್‌ಗೆ ಹೊಂದಿಸಿ ಹೊಡೆಸಿದ್ದು ಆಗ ಹೊಂದುವುದಿಲ್ಲ. ನೀರಿನಲ್ಲಿ ಕಲಸುವ ಎನಾಮೆಲ್ ಸ್ವಲ್ಪ ದುಬಾರಿ, ಆದರೆ ಬಿಳಿಯಾಗೇ ಉಳಿಯುತ್ತದೆ.

ಹಾಗಾದರೆ ನಿಮಗೆ ಯಾವುದು

ಗೋಡೆಯ ನಡುವೆ ಪ್ಯಾಚ್, ಡಬ್ಬಿ ಇಲ್ಲ: ಚಕ್ಕೆ ತೆಗೆದು ಸ್ಕ್ಯಾನ್ ಮಾಡಿಸಿ, ಅದೇ ಹೊಳಪಿನ ಪೇಂಟ್‌ನಲ್ಲಿ ಮಾಡಿಸಿ, ಹಿಂದೆ ರೋಲರ್‌ನಲ್ಲಿ ಹೊಡೆದಿದ್ದರೆ ಪ್ಯಾಚ್ ಕೂಡ ರೋಲರ್‌ನಲ್ಲೇ ಹೊಡೆಸಿ. ಬ್ರಷ್ ಗೆರೆಯಿಂದಲೇ ಪ್ಯಾಚ್ ಗೊತ್ತಾಗುತ್ತದೆ. ಸ್ಕ್ಯಾನ್ ಸಿಗದ ಊರಾದರೆ ಹತ್ತಿರದ ಶೇಡ್ ತಂದು ಮೂಲೆಯಿಂದ ಮೂಲೆಗೆ ಆ ಒಂದು ಗೋಡೆ ಪೂರ್ತಿ ಹೊಡೆಸಿ, ಮ್ಯಾಚ್‌ನ ಗೊಡವೆಯೇ ಬೇಡ.

ಹೊಸ ಮನೆ, ಎಲ್ಲ ಖಾಲಿ ಗೋಡೆ: ಸಿಗುವ ಕಂಪನಿಯ ಫ್ಯಾನ್ ಡೆಕ್‌ನಿಂದ ಆರಿಸಿ. ಅದೇ ಕಂಪನಿಯ ಡೀಲರ್ ನಿಮ್ಮೂರಲ್ಲಿ ಇಬ್ಬರಾದರೂ ಇರಬೇಕು.

ಬಾಡಿಗೆ ಮನೆ ಬಿಡುವಾಗ ಓನರ್ ಬಣ್ಣ ಹೊಡೆಸಿಕೊಡಿ ಅಂದರೆ ಮೊದಲು ಅದು ಡಿಸ್ಟೆಂಪರೋ ಎಮಲ್ಷನ್ನೋ ನೋಡಿ. ಒದ್ದೆ ಬಟ್ಟೆಯಲ್ಲಿ ಉಜ್ಜಿದಾಗ ಬಟ್ಟೆಗೆ ಬಣ್ಣ ಹತ್ತಿದರೆ ಡಿಸ್ಟೆಂಪರ್ ಇರಬಹುದು. ಅಲ್ಲಿ ಪ್ಯಾಚ್ ಮಾಡಲು ಹೋಗಬೇಡಿ, ಹೇಗೂ ಇಡೀ ರೂಮು ಹೊಡೆಸಬೇಕು, ಅಗ್ಗದ್ದೇ ಸಾಕು.

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರಿಗೆ ಕೆಲಸ ಸುಲಭ. ಹೋಮ್ ಡಿಪೋದ ಬೆಹ್ರ್ ಕೌಂಟರ್, ಲೋಸ್‌ನ ವಾಲ್ಸ್‌ಪಾರ್ ಕೌಂಟರ್ ಎರಡರಲ್ಲೂ ಬೇರೆ ಕಂಪನಿಯ ಹೆಸರು ಹೇಳಿದರೆ ಫಾರ್ಮುಲಾ ತೆಗೆಯುತ್ತಾರೆ, ಬೇಕಿದ್ದರೆ ಚಕ್ಕೆ ಸ್ಕ್ಯಾನ್ ಮಾಡುತ್ತಾರೆ. ಗೋಡೆಗೆ ಅದು ಸಾಕು. ಬಿಲ್ಡರ್ ಹೊಡೆಸಿದ ಗೋಡೆಗೆ ಟಚಪ್ ಮಾತ್ರ ಬೇಕಿದ್ದರೆ ಬಿಲ್ಡರ್ ಬಳಸಿದ ಕಂಪನಿಯ ಅದೇ ಪ್ರಾಡಕ್ಟ್ ಯಾವುದು ಅಂತ ಕೇಳಿ ಅಲ್ಲಿಗೇ ಹೋಗಿ. ಬಿಲ್ಡರ್‌ಗಳು ಹೊಡೆಸುವ ತೆಳು ಫ್ಲ್ಯಾಟ್ ಪೇಂಟ್‌ನ ಮೇಲೆ ಬೇರೆ ಪೇಂಟ್ ಹೊಳೆಯುತ್ತದೆ.

ಯಾವ ದಾರಿ ಹಿಡಿದರೂ 1 ಲೀಟರ್ ಅಥವಾ ಸಿಕ್ಕರೆ ಸ್ಯಾಂಪ್ಲರ್ ಡಬ್ಬಿ ಮೊದಲು ತನ್ನಿ. ಗೋಡೆಗೆ ನೇರ ಹೊಡೆಯದೆ ದಪ್ಪ ಕಾರ್ಡ್‌ಬೋರ್ಡಿಗೆ ಪ್ರೈಮರ್ ಹಚ್ಚಿ ಎರಡು ಕೋಟ್ ಹೊಡೆಯಿರಿ. ಪೂರ್ತಿ ಒಣಗಿದ ಮೇಲೆ ಹಳೆ ಗೋಡೆಗೆ ಅಂಟಿಸಿ ಬೆಳಿಗ್ಗೆ, ಸಂಜೆ ನಾಲ್ಕಕ್ಕೆ, ರಾತ್ರಿ ಲೈಟ್ ಹಾಕಿ ನೋಡಿ. ಮೂರೂ ಹೊತ್ತಿನಲ್ಲಿ ಅಂಚು ಕಾಣದಿದ್ದರೆ ಆರ್ಡರ್ ಮಾಡಿ. ಒಂದು ಹೊತ್ತಿನಲ್ಲಿ ಮಾತ್ರ ಕಂಡರೆ ಮೂಲೆಯಾಚೆ ಬಳಸಬಹುದು. ಆರ್ಡರ್ ಮಾಡುವಾಗ 1 ಲೀಟರಿನ ಹತ್ತು ಡಬ್ಬಿ ಬೇಡ, 10 ಅಥವಾ 20 ಲೀಟರಿನದ್ದೇ ಇರಲಿ, ಒಂದಕ್ಕಿಂತ ಹೆಚ್ಚಿದ್ದರೆ ಹೊಡೆಯುವ ಮೊದಲು ದೊಡ್ಡ ಡ್ರಮ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಕಲಸಲು ಪೇಂಟರ್‌ಗೆ ಹೇಳಿ. ಮುಚ್ಚಳದ ಮೇಲಿನ ಸ್ಟಿಕ್ಕರ್‌ನಲ್ಲಿ ಶೇಡ್ ಕೋಡ್, ಬೇಸ್, ಬ್ಯಾಚ್ ಇರುತ್ತದೆ, ಸ್ಕ್ಯಾನ್ ಮಾಡಿಸಿದ್ದಾದರೆ ಫಾರ್ಮುಲಾವನ್ನೂ ಬರೆಸಿಕೊಳ್ಳಿ. ಎಲ್ಲದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ, ಫೋನ್ ಬದಲಾದರೂ ಯಾರ ಬಳಿಯಾದರೂ ಇರುತ್ತದೆ.